ನಿಮ್ಮ ಮಗ ನಿಲ್ಲಿಸಿದ ಪಾಠ

ಹುಣಸೂರು
10 ಆಗಸ್ಟ್ 2003

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಶಾಂತಲಾಳ ನಮಸ್ಕಾರಗಳು.

ಈ ಜಾಗದಲ್ಲಿ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದು, ಹೊಡೆದುಹಾಕಿದೆ. ಇದ್ದೇನೆ ಅತ್ತೆ, ಅಷ್ಟೆ. ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತೇನೆ. ಒಬ್ಬಳಿಗೇ ಅನ್ನ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ, ಉಳಿದದ್ದನ್ನು ಪಕ್ಕದ ಮನೆಯ ಹಸುವಿಗೆ ಹಾಕುತ್ತೇನೆ.

ಭಾಗ್ಯಾ, ಇದನ್ನು ಅತ್ತೆಗೆ ನಿಧಾನವಾಗಿ ಓದಿ ಹೇಳು. ಸಾಕು ಅಂದರೆ ನಿಲ್ಲಿಸು. ಮತ್ತೆ ಕೇಳಿದಾಗ ಮುಂದೆ ಓದು. ಗುರುಮಲ್ಲಪ್ಪನವರ ಅಂಗಡಿಗೆ ಫೋನ್ ಮಾಡಿ ನಿಮ್ಮಿಬ್ಬರನ್ನೂ ಕರೆಸಬಹುದಿತ್ತು. ಆದರೆ ಅಂಗಡಿಯ ಜಗುಲಿ ತುಂಬ ಜನ ಕೂತಿರುವಾಗ ಅತ್ತೆಯೂ ಮಾತಾಡಲಾರರು, ನಾನೂ ಮಾತಾಡಲಾರೆ.

ಅತ್ತೆ, ತಿಥಿ ಮುಗಿದ ಮಾರನೆಯ ದಿನ ನೀವು ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದಿರಿ. ಗೊಬ್ಬರದಂಗಡಿಯ ಮೇಲಿನ ಆ ಕೋಣೆಗೆ ನೀವು ಬಂದದ್ದು ಅದೇ ಎರಡನೆಯ ಸಲ. ಮೊದಲನೆಯದು ಸೆಂಟರು ತೆರೆದ ಪೂಜೆಯ ದಿನ. ನೀವೇ ಬಾಗಿಲೆಳೆದು ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿರಿ. "ಈ ಪೆಟ್ಗೆಗಳೇ ಕಣವ್ವ ನನ್ ಮಗನ್ನ ತಿಂದ್ವು. ಇನ್ನು ಯಾರೂ ಈ ಬಾಗ್ಲು ತೆಗೀಬಾರ್ದು" ಎಂದು ಹೇಳಿ ಬಸ್ಸು ಹತ್ತಿದಿರಿ. ನಾನು ಎದುರಾಡಲಿಲ್ಲ. ಆಗ ನನಗೂ ಆ ಬಾಗಿಲು ಹಾಕಿಯೇ ಇರಲಿ ಅನ್ನಿಸಿತ್ತು.

ಈಗ ಕೇಳುವುದೇನೆಂದರೆ, ಆ ಕೀಲಿ ನನಗೆ ಬೇಕು.

ಕೋಪ ಮಾಡಿಕೊಳ್ಳದೆ ಪೂರ್ತಿ ಕೇಳಿ. ಹುಡುಗರು ಬರುತ್ತಿದ್ದಾರೆ ಅತ್ತೆ. ಬಾಗಿಲು ತೆಗೆಯುವುದಿಲ್ಲ ಎಂದು ಗೊತ್ತಿದ್ದೂ ಬರುತ್ತಾರೆ. ಪಿರಿಯಾಪಟ್ಟಣದಿಂದ ರಮ್ಯಾ, ಬೈಲಕುಪ್ಪೆಯಿಂದ ಡೋಲ್ಮಾ ಎಂಬ ಟಿಬೆಟನ್ ಹುಡುಗಿ, ಮಿರ್ಲೆಯ ಮಾದೇಶ, ಇನ್ನೂ ಒಂದಷ್ಟು ಜನ. ಗೊಬ್ಬರದಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಮಾತಾಡಿಕೊಂಡು, ಬಂದ ಬಸ್ಸಿಗೇ ಹೊರಟುಹೋಗುತ್ತಾರೆ. ಮೊನ್ನೆ ನಾನು ತರಕಾರಿ ತರಲು ಆ ದಾರಿಯಲ್ಲಿ ಹೋದೆ. ನನ್ನನ್ನು ಕಂಡವರೇ ಎಲ್ಲರೂ ಎದ್ದು ನಿಂತರು. ಏನೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಿ ಕಳಿಸುತ್ತಿದ್ದೆ. ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಅವರಿಗೆ ಪರೀಕ್ಷೆ ಇದೆ. ನಿಮ್ಮ ಮಗ ಅರ್ಧಕ್ಕೆ ನಿಲ್ಲಿಸಿಹೋದ ಪಾಠ ಮುಗಿಯದೆ ಅವರು ಅಲ್ಲಿ ಹೋಗಿ ಕೂರುವ ಹಾಗಿಲ್ಲ.

ಆ ಪಾಠ ಏನು ಎಂದು ನೀವು ಒಮ್ಮೆಯೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದಕ್ಕೆ ಪಿಎಚ್‌ಪಿ ಎಂದು ಹೆಸರು. ಕಂಪ್ಯೂಟರಿಗೆ ಹೇಳಿ ಕೆಲಸ ಮಾಡಿಸಿಕೊಳ್ಳುವ ಒಂದು ಭಾಷೆ. ಮೊದಲು ಕಲಿಸುತ್ತಿದ್ದ ಪಾಠದಲ್ಲಿ ಪುಟವನ್ನು ಹೇಗೆ ಬರೆದಿಟ್ಟರೆ ಹಾಗೇ ಕಾಣುತ್ತಿತ್ತು, ಗೋಡೆಗೆ ಅಂಟಿಸಿದ ಚೀಟಿಯ ಹಾಗೆ. ಇದರಲ್ಲಿ ಹಾಗಲ್ಲ. ಇಲ್ಲಿಂದ ನಾವು ಕೇಳಿದರೆ, ಬೇರೆಲ್ಲೋ ಇರುವ ಕಂಪ್ಯೂಟರು ಆಗಿಂದಾಗಲೇ ಪುಟ ಮಾಡಿ ಕಳಿಸುತ್ತದೆ. "ಹೋಟ್ಲಲ್ಲಿ ಕೇಳಿದ್ಮೇಲೆ ದೋಸೆ ಹುಯ್ದು ಕೊಡ್ತಾರಲ್ಲ, ಹಂಗೆ" ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ನನಗೆ ಅದು ಬರುತ್ತಿರಲಿಲ್ಲ. ನಾನು ಟೈಪಿಂಗು ಮತ್ತು ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯುವ ನುಡಿ ಹೇಳಿಕೊಡುವವಳು. ಆ ಪಾಠ ಅವರೊಬ್ಬರದೇ.

ಕಡೆಯ ಕ್ಲಾಸಿನ ದಿನ ಅವರಿಗೆ ಆಗಲೇ ಮೈ ಬಿಸಿ ಇತ್ತು. ಬೇಗ ಬಿಟ್ಟರು. ಮಕ್ಕಳು ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನಿಂದ ಕೂಗಿ, "ನಾಳೆ ಅರೇ. ಯಾರೂ ತಪ್ಪಿಸ್ಬೇಡಿ, ಇದು ಬಂದ್ರೆ ಮಿಕ್ಕಿದ್ದೆಲ್ಲ ಬಂದಂಗೆ" ಎಂದರು. ಆ ನಾಳೆ ಬರಲಿಲ್ಲ.

ಅರೇ ಎಂದರೆ, ಒಂದೇ ಹೆಸರಿನ ಕೆಳಗೆ ಬೇಕಾದಷ್ಟು ವಸ್ತುಗಳನ್ನು ಸಾಲಾಗಿ ಇಡುವುದು. ಅದಕ್ಕೆ ಮುಂಚೆ ಅವರು ಕಲಿಸಿದ್ದರಲ್ಲಿ ಒಂದು ಹೆಸರಿಗೆ ಒಂದೇ ವಸ್ತು. ನಮ್ಮ ಕಡೆ ಹುಡುಗರಿಗೆ ಇದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಅವರು ಬೇಸಿಗೆಯಲ್ಲೇ ಯೋಚಿಸಿದ್ದರು. ಮೇ ತಿಂಗಳಲ್ಲಿ ಊರಿಗೆ ಬಂದಾಗ ಹೊಗೆಸೊಪ್ಪು ಕಟ್ಟುವ ಒಂದು ಕಡ್ಡಿ ಕೊಡು ಎಂದು ನಿಮ್ಮನ್ನು ಕೇಳಿ ತೆಗೆದುಕೊಂಡು ಬಂದರಲ್ಲ, ಇದಕ್ಕೇ. "ಅವ್ವ ಕಡ್ಡಿಗೆ ಎಲೆ ಕಟ್ಟೋದನ್ನ ನೋಡ್ಕೊಂಡು ಬೆಳೆದೋನು ನಾನು. ಅರೇ ಅಂದ್ರೆ ಅದೇ ಕಣೇ" ಎಂದಿದ್ದರು ನನಗೆ. ಆ ಕಡ್ಡಿ ಬಸ್ಸಿನಲ್ಲಿ ಯಾರದೋ ತಲೆಗೆ ತಗಲಿ ಬೈಸಿಕೊಂಡು ಬಂದರು. ಅದು ನೀವು ಬೀಗ ಹಾಕಿದ ಕೋಣೆಯ ಮೂಲೆಯಲ್ಲೇ ಇದೆ.

ನಾನು ಪಾಠ ಮಾಡುತ್ತೇನೆ ಅತ್ತೆ. ಅವರ ದಪ್ಪ ಇಂಗ್ಲಿಷ್ ಪುಸ್ತಕ ಮನೆಯಲ್ಲಿದೆ, ಓದುತ್ತಿದ್ದೇನೆ. ಅರ್ಧ ಅರ್ಥವಾಗುತ್ತದೆ. ಕಂಪ್ಯೂಟರಿನಲ್ಲಿ ಮಾಡಿ ನೋಡದೆ ಮಿಕ್ಕದ್ದು ಆಗುವುದಿಲ್ಲ. ಪರೀಕ್ಷೆಯವರೆಗೆ ಮಾತ್ರ ಕೇಳುತ್ತಿದ್ದೇನೆ.

ಕಾಯಿಲೆಯ ವಿಷಯ ನಾನು ಬರೆಯುವುದಿಲ್ಲ. ನೀವೂ ಬರೆಸಬೇಡಿ. ಆ ಮಾತು ನಮ್ಮಿಬ್ಬರ ನಡುವೆ ಬೇಡ.

ನಿಮ್ಮ
ಶಾಂತಲಾ

ಮತ್ತೆ: ಬೇಡ ಎಂದರೂ ಬರೆಸಿ. ಉತ್ತರ ಬಾರದಿದ್ದರೆ ಹುಡುಗರಿಗೆ ಏನು ಹೇಳಲಿ ಎಂದು ತಿಳಿಯುವುದಿಲ್ಲ.


ಊರಿನಿಂದ
19 ಆಗಸ್ಟ್ 2003

ಪ್ರೀತಿಯ ಅತ್ತಿಗೆಗೆ ಭಾಗ್ಯ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಬಂದ ದಿನವೇ ಓದಲು ಹೋದೆ. "ಮಡಗು ಅತ್ಲಾಗೆ" ಎಂದು ಅಮ್ಮ ಎದ್ದು ಹೋದರು. ಈಗ ಸೊಪ್ಪು ಮುರಿಯುವ ಕಾಲ, ಮಹದೇವಪ್ಪನವರ ಸೊಪ್ಪು ಬೇಯಿಸುವ ಬ್ಯಾರನ್‌ಗೆ ದಿನಾ ಕಡ್ಡಿ ಕಟ್ಟಲು ಹೋಗುತ್ತಾರೆ. ನಿನ್ನೆ ಮಧ್ಯಾಹ್ನ ಬಂದವರು, ಅಂಟಿನಿಂದ ಕರ್ರಗಾದ ಕೈ ತೊಳೆಯದೆ ಜಗುಲಿಯ ಮೇಲೆ ಕೂತು, "ಏನ್ ಬರ್ದವಳೆ, ಓದು" ಎಂದರು. ಓದಿದೆ. ನಡುವೆ ಎಲ್ಲೂ ನಿಲ್ಲಿಸು ಎನ್ನಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು, "ಅರೇ ಅಂದ್ರೆ ಏನಮ್ಮಿ, ಕಾರ ಅರೆಯೋದಾ?" ಎಂದು ನನ್ನನ್ನೇ ಕೇಳಿದರು. ನಾನು ಮತ್ತೊಂದು ಸಲ ಆ ಜಾಗ ಓದಿದೆ. ಕಡ್ಡಿಯ ಮಾತು ಬಂದಾಗ ಬೆರಳಿನ ಅಂಟು ಉಜ್ಜಿಕೊಳ್ಳುತ್ತಾ ಕೂತರು. ಆಮೇಲೆ, "ಯಾಕ್ಲಾ ನಿಂಗೆ ಕಡ್ಡಿ, ಓದಿರೋನ್ಗೆ ಅಂದೆ. ನಿನ್ ಸೊಸೇಗೆ ಒಡಿಯೋಕೆ ಅಂತ ನಗ್ತಾ ಅಂದ. ಇದ್ಕೆ ಅಂತ ಏಳ್ನೇ ಇಲ್ವಲ್ಲ ನನ್ ಮಗ" ಎಂದರು.

ಆಮೇಲೆ ಸಿಟ್ಟು ಬಂತು. "ಬರ್ಕೊ. ಆ ಪೆಟ್ಗೆ ಮುಂದೆ ಕೂತ್ಕೂತು, ಒತ್ತೊತ್ಗೆ ಉಣ್ದೆ, ಬೀದೀಲಿ ಸಿಕ್ಕಿದ್ ನೀರು ಕುಡ್ದು ಕಾಮಾಲೆ ಅತ್ತುಸ್ಕೊಂಡ. ಅದ್ರ ಬಾಗ್ಲು ಇವ್ಳು ತೆಗೀತಾಳಂತೆ. ಇವ್ಳೂ ಅಂಗೇ ಕೂತು ಸಾಯ್ಲಿ ಅಂತಾನಾ ನಾನು ಕೀಲಿ ಕೊಡ್ಬೇಕು? ಒಂದ್ ಎಣ ಸಾಲ್ದಾ ನಂಗೆ?" ಇಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು. ನಾನು ಕಾಗದ ಮಡಚಿ ಇಟ್ಟೆ, ಇನ್ನು ಮುಗಿಯಿತು ಎಂದುಕೊಂಡೆ.

ಕೈ ತೊಳೆದು ಬಂದು ಮತ್ತೆ ಕೂತರು. ಈ ಸಲ ಸಿಟ್ಟಿರಲಿಲ್ಲ.

"ನಿಮ್ಮಪ್ಪ ಮುದ್ದಯ್ಯ ಓದಾಗ ನೀನು ಮೊಲೆ ಕುಡಿಯೋ ಕೂಸು. ನಿಮ್ಮಣ್ಣ ಚೇತ ಇಸ್ಕೂಲ್ಗೆ ಓಗ್ತಿದ್ದ. ತಿಥಿ ಆದ್ ಮಾರ್ನೆ ದಿನ್ವೇ ನಾನು ಕಡ್ಡಿ ಕಟ್ಟಕ್ ಓದೆ. ಊರ್ ಎಂಗುಸ್ರೆಲ್ಲ ಬಾಯಿ ಮೇಲೆ ಸೆರಗ್ ಆಕ್ಕಂಡು ನೋಡುದ್ರು. ಗಂಡ ಸತ್ತು ಅದ್ನೈದ್ ದಿನ ಆಗಿಲ್ಲ, ಎಂಗೆ ಬಂದವ್ಳೆ ನೋಡಿ ಅಂದ್ರು. ಮಾಯಮ್ಮ ಅಂತ ಒಬ್ಳು ಇದ್ಲು. ಅವ್ಳು ಮಾತ್ರ ಸರ್ದು ಜಾಗ ಕೊಟ್ಟು, ಬಾ ರಾಚಿ, ಕೂತ್ಕೊ ಅಂದ್ಲು. ಅವತ್ತು ಅವ್ಳು ಅಂಗನ್ನದೆ ಓಗಿದ್ರೆ ನಾನು ಮಕ್ಕ ಕಟ್ಕೊಂಡು ಕೆರೆ ನೋಡ್ಕೊತಿದ್ದೆ."

ಹೀಗೆಂದು ಸೆರಗಿನ ಗಂಟು ಬಿಚ್ಚಿದರು ಅತ್ತಿಗೆ. ಕೀಲಿ ಇಷ್ಟು ದಿನವೂ ಅಲ್ಲೇ ಇತ್ತು. ಸೀರೆ ಬದಲಾಯಿಸಿದಾಗಲೆಲ್ಲ ಈ ಸೀರೆಯಿಂದ ಆ ಸೀರೆಗೆ ಕಟ್ಟಿಕೊಳ್ಳುತ್ತಿದ್ದರು. "ತಕೊ, ಕಂಠಪ್ಪನ ಕೈಲಿ ಕಳ್ಸು. ಉಣ್ಣೋ ಒತ್ಗೆ ಉಣ್ಬೇಕು ಅಂತ ಬರಿ. ಆ ಮಿಸಿನ್ ಮುಂದೆ ಕೂರೋಕ್ ಮುಂಚೆ ಉಣ್ಬೇಕು. ಅಷ್ಟು ಮಾತು ಕೊಡಾಂಗಿದ್ರೆ ತೆಗೀಲಿ" ಎಂದರು.

ಕಂಠಪ್ಪ ಚಿಕ್ಕಪ್ಪ ನಾಳೆ ಹುಣಸೂರಿಗೆ ಬರುತ್ತಾರೆ. ಈ ಕಾಗದ, ಕೀಲಿ, ಒಂದು ಸೇರು ಹುರುಳಿ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಇನ್ನು ಮುಂದಿನದು ಅಮ್ಮ ಹೇಳಿದ್ದಲ್ಲ, ನಾನೇ ಬರೆಯುತ್ತಿರುವುದು. ಕಾಯಿಲೆಯ ಮಾತು ಬೇಡ ಎಂದಿದ್ದೀರಿ. ಆದರೆ ಇದನ್ನು ಇನ್ನು ಯಾರಿಗೆ ಹೇಳಲಿ?

ಅಮ್ಮ ಹೊರಗೆ ಕಂಪ್ಯೂಟರನ್ನು ಬೈಯುತ್ತಾರೆ, ಒಳಗೆ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ಅಣ್ಣನ ಕಣ್ಣು ಹಳದಿಯಾದಾಗ ನೀವು ಮೈಸೂರಿಗೆ ಹೋಗೋಣ ಎಂದಿರಿ. ಅಮ್ಮ, ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ, ತಮ್ಮ ಅಪ್ಪನಿಗೂ ಹಸಿರೌಷಧಿಯಿಂದಲೇ ವಾಸಿಯಾಯಿತು ಎಂದು ಹಟ ಹಿಡಿದು ಕಾಕನಕೋಟೆ ಕಡೆಯ ನಾಟಿ ಔಷಧಿಯ ಅಜ್ಜನ ಹತ್ತಿರ ಕರೆದುಕೊಂಡು ಹೋದರು. ಆ ಔಷಧಿಯ ಅಜ್ಜನೇ ಎರಡನೆಯ ಸಲ ಹೋದಾಗ ಅಣ್ಣನ ಕಣ್ಣು ನೋಡಿ, "ಇದು ನನ್ ಕೈ ಮೀರದೆ ಕಣವ್ವ, ದೊಡ್ಡಾಸ್ಪತ್ರೆಗೆ ಓಗಿ" ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ. ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಆ ಡಾಕ್ಟರು ಎಲ್ಲರ ಮುಂದೆ, "ಒಂದು ವಾರ ಮುಂಚೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು, ಇಷ್ಟು ದಿನ ಸೊಪ್ಪು ಕುಡಿಸ್ತಾ ಕೂತಿದ್ರಾ" ಎಂದು ಕೂಗಿದರಲ್ಲ, ಆ ಮಾತು ಅಮ್ಮನ ಎದೆಯಲ್ಲಿ ಕೂತುಬಿಟ್ಟಿದೆ.

ಸಾರಿಗೆ ಅರಿಶಿನ ಹಾಕುವುದನ್ನು ಬಿಟ್ಟಿದ್ದಾರೆ. ಮನೆಗೆ ಬಂದವರನ್ನೆಲ್ಲ ಕೇಳುತ್ತಾರೆ, "ಒಂದ್ವಾರ ಮುಂಚೆ ಓಗಿದ್ರೆ ಬದುಕ್ತಿದ್ನಾ?" ಎಂದು. ಹಾಲಿನವನನ್ನು ಕೇಳುತ್ತಾರೆ. ನಿಮ್ಮ ಕಾಗದ ತಂದ ಪೋಸ್ಟಿನವರನ್ನೂ ಕೇಳಿದರು. ಅವರು ಏನು ಹೇಳಲು ಸಾಧ್ಯ? ಎಲ್ಲ ದೇವರಿಚ್ಛೆ ಎನ್ನುತ್ತಾರೆ. ಅಮ್ಮನಿಗೆ ಅದು ಉತ್ತರವೇ ಅಲ್ಲ.

ನಿಮ್ಮ
ಭಾಗ್ಯ

ಮತ್ತೆ: ನಿಮ್ಮನ್ನು ಕೇಳಬೇಕು ಎಂದು ಅಮ್ಮನಿಗೆ ಆಸೆ ಇದೆ. ಕೇಳಲು ಹೆದರುತ್ತಾರೆ.


ಹುಣಸೂರು
9 ನವೆಂಬರ್ 2003

ಪೂಜ್ಯ ಅತ್ತೆಯವರ ಪಾದಕ್ಕೆ ಶಾಂತಲಾಳ ನಮಸ್ಕಾರಗಳು.

ಕೀಲಿ ತಲುಪಿದ್ದಕ್ಕೆ ಒಂದು ಕಾರ್ಡು ಹಾಕಿ ಸುಮ್ಮನಾದೆ, ಕ್ಷಮಿಸಿ. ಎರಡು ತಿಂಗಳಿನಿಂದ ಕೂತು ಬರೆಯುವಷ್ಟು ಬಿಡುವಾಗಲಿಲ್ಲ. ಉಣ್ಣುವ ಹೊತ್ತಿಗೆ ಉಣ್ಣುತ್ತಿದ್ದೇನೆ. ನೀವು ಕಳಿಸಿದ ಹುರುಳಿ ಮೊನ್ನೆ ಮೊನ್ನೆ ಮುಗಿಯಿತು.

ಇವತ್ತು ಎಲ್ಲವನ್ನೂ ಬರೆಯುತ್ತೇನೆ.

ಬಾಗಿಲು ತೆಗೆದ ದಿನ ಒಳಗೆ ಕಾಲಿಡಲು ಆಗಲಿಲ್ಲ. ಕ್ಯಾಲೆಂಡರು ಜೂನ್‌ನಲ್ಲೇ ನಿಂತಿತ್ತು. ಅವರು ಕುರ್ಚಿಯ ಬೆನ್ನಿಗೆ ಹಾಕಿ ಮರೆತುಹೋಗಿದ್ದ ಸ್ವೆಟರು ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು. ಹಲಗೆಯ ಮೇಲೆ ಅವರ ಕೈಬರಹ ಇತ್ತು. ಅದನ್ನು ಒರೆಸದೆ ಪಾಠ ಮಾಡುವ ಹಾಗಿಲ್ಲ, ಒರೆಸಲು ಮನಸ್ಸಿಲ್ಲ. ಕಡೆಗೆ ರಮ್ಯಾ ಬಂದು, "ಮೇಡಂ, ನಾವೆಲ್ಲ ಇದನ್ನ ಬರ್ಕೊಂಡಿದೀವಿ" ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಅವಳೇ ಒರೆಸಿದಳು.

ಕ್ಲಾಸು ಶುರು ಮಾಡುವ ಮುಂಚೆ ಸ್ವಲ್ಪ ದಿನ ನಾನೊಬ್ಬಳೇ ಕೂತು ಕಲಿತೆ. ಪುಸ್ತಕದಲ್ಲಿ ಇದ್ದ ಹಾಗೇ ಹೊಡೆದರೂ ಬರುತ್ತಿರಲಿಲ್ಲ. ಒಂದು ಅಲ್ಪವಿರಾಮ ಬಿಟ್ಟುಹೋದರೆ ತಪ್ಪು ಎಂದು ಇಂಗ್ಲಿಷಿನಲ್ಲಿ ಕೂಗುತ್ತದೆ. ತಪ್ಪು ಇರುವ ಸಾಲನ್ನೇ ತೋರಿಸುತ್ತದೆಯೋ ಎಂದರೆ ಅದೂ ಇಲ್ಲ, ಮುಂದಿನ ಸಾಲನ್ನು ತೋರಿಸುತ್ತದೆ. ಒಂದು ಮಧ್ಯಾಹ್ನವಿಡೀ ಸರಿಯಾಗಿದ್ದ ಸಾಲನ್ನು ತಿದ್ದುತ್ತಾ ಕೂತಿದ್ದೆ. ಅವರಿದ್ದಿದ್ದರೆ ಹಿಂದಿನಿಂದ ಬಗ್ಗಿ ನೋಡಿ, ಬೆರಳಿಟ್ಟು ತೋರಿಸಿಬಿಡುತ್ತಿದ್ದರು ಎನ್ನಿಸಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಅಲ್ಪವಿರಾಮ ಕಣ್ಣಿಗೆ ಬಿತ್ತು.

ಮೊದಲ ಕ್ಲಾಸಿಗೆ ಎಲ್ಲರೂ ಬಂದಿದ್ದರು. ನಿಮ್ಮ ಕಡ್ಡಿಯನ್ನು ಮೇಜಿನ ಮೇಲಿಟ್ಟೆ. ಯಾರೂ ನಗಲಿಲ್ಲ. ಅದು ಎಲ್ಲರ ಮನೆಯಲ್ಲೂ ಇರುವ ವಸ್ತುವೇ, ಡೋಲ್ಮಾ ಒಬ್ಬಳನ್ನು ಬಿಟ್ಟು. ಅವಳಿಗೆ ಮಾದೇಶ ಹೇಳಿಕೊಟ್ಟ. "ಕಡ್ಡಿಗೆ ಒಂದೇ ಹೆಸರು" ಎಂದೆ. "ಅದಕ್ಕೆ ಕಟ್ಟಿದ ಎಲೆ ಎಷ್ಟು ಬೇಕಾದರೂ ಇರಬಹುದು. ಬ್ಯಾರನ್‌ಗೆ ಏರಿಸುವಾಗ ಒಂದೊಂದೇ ಎಲೆ ಎತ್ತುವುದಿಲ್ಲ, ಕಡ್ಡಿ ಹಿಡಿದರೆ ಎಲ್ಲ ಎಲೆಯೂ ಬಂತು. ಸರ್ ನಿಮಗೆ ಹೇಳಬೇಕೆಂದಿದ್ದ ಅರೇ ಇದೇ." ಇಷ್ಟು ಮಾತು ನಾನು ಮನೆಯಲ್ಲಿ ಕನ್ನಡಿ ಮುಂದೆ ಹೇಳಿ ಹೇಳಿ ಕಲಿತಿದ್ದೆ.

ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದೆವು. ‘ಊರು’ ಎಂಬ ಹೆಸರು ಕೊಟ್ಟು, ಅರೇ ಎಂದು ಬರೆದು, ಆವರಣದೊಳಗೆ ಅವರವರ ಊರನ್ನು ಹೇಳಿಸಿದೆ. ಹುಣಸೂರು, ಪಿರಿಯಾಪಟ್ಟಣ, ಮಿರ್ಲೆ, ಬೈಲಕುಪ್ಪೆ, ನಡುವೆ ಒಂದೊಂದು ಅಲ್ಪವಿರಾಮ. ಊರನ್ನು ತೋರಿಸು ಎಂದು ಕೇಳಿದರೆ ತೆರೆಯ ಮೇಲೆ ‘ಅರೇ’ ಎಂಬ ಒಂದೇ ಪದ ಬಂತು. ಊರೂ ಇಲ್ಲ, ಏನೂ ಇಲ್ಲ. ನನ್ನ ಜೀವವೇ ಹೋದ ಹಾಗಾಯಿತು. ಮನೆಯಲ್ಲಿ ಓದಿದ್ದೆಲ್ಲ ಮರೆತೆ. ಮಕ್ಕಳು ತೆರೆಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಸುಮ್ಮನೆ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತುಬಿಟ್ಟೆ.

ಡೋಲ್ಮಾ ಹಿಂದೆಯೇ ಬಂದಳು. "ಮೇಡಂ, ಇವತ್ತಿಗೆ ಸಾಕು ಅಂತ ನಾನು ಅವರಿಗೆ ಹೇಳ್ಲಾ?" ಎಂದಳು. ನಾನು ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಅವಳು ಕೆಳಗಿನ ರಸ್ತೆ ನೋಡುತ್ತಾ, "ನಮ್ಮ ಅಮ್ಮ ತೀರಿಹೋದಾಗ ನಾನು ಎರಡು ತಿಂಗಳು ಇಲ್ಲಿಗೆ ಬರಲಿಲ್ಲ. ಆಮೇಲೆ ಬಂದೆ. ಸರ್ ಏನೂ ಕೇಳಲಿಲ್ಲ. ಹೋದ ಪಾಠ ಎಲ್ಲಿ ಬಿಟ್ಟಿದ್ಯೋ ಅಲ್ಲಿಂದ ಹೇಳ್ತೀನಿ ಕೂತ್ಕೋ ಅಂದ್ರು" ಎಂದಳು. ನನಗೆ ಇದು ಗೊತ್ತೇ ಇರಲಿಲ್ಲ ಅತ್ತೆ. ನಿಮ್ಮ ಮಗ ಮನೆಯಲ್ಲಿ ಹೇಳದೆ ಇದ್ದ ಇಂಥವು ಎಷ್ಟಿದ್ದವೋ.

ಒಳಗೆ ಹೋದೆ. ಕಡ್ಡಿ ಪೂರ್ತಿ ಕೇಳಿದರೆ ಅದು ಕಡ್ಡಿ ಎಂದಷ್ಟೇ ಹೇಳುತ್ತದೆ, ಎಷ್ಟನೆಯ ಎಲೆ ಎಂದು ಕೇಳಬೇಕು ಎಂಬುದು ಅಷ್ಟು ಹೊತ್ತಿಗೆ ನೆನಪಿಗೆ ಬಂದಿತ್ತು. ಒಂದನೆಯ ಊರು ಕೊಡು ಎಂದೆ. ಹುಣಸೂರು ಬರಬೇಕು, ಪಿರಿಯಾಪಟ್ಟಣ ಬಂತು. ರಮ್ಯಾ ಚಪ್ಪಾಳೆ ತಟ್ಟಿ, "ನಮ್ಮೂರೇ ಫಸ್ಟು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಜೂನ್ ಆದ ಮೇಲೆ ಮೊದಲ ಸಲ. ನಕ್ಕ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕಂಪ್ಯೂಟರು ಒಂದರಿಂದ ಎಣಿಸುವುದಿಲ್ಲ, ಸೊನ್ನೆಯಿಂದ ಎಣಿಸುತ್ತದೆ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು.

ಹಾಗೆ ಒಂದು ಸಲ ದಾರಿ ಸಿಕ್ಕ ಮೇಲೆ ಮಿಕ್ಕದ್ದು ಬಂತು. ಖಾಲಿ ಅರೇ ಮಾಡಿಟ್ಟುಕೊಂಡು ಒಂದೊಂದೇ ಸೇರಿಸುವುದು ಹೇಗೆಂದು ಮಾರನೆಯ ದಿನ ಹೇಳಿದೆ. ಹೆಸರಿನ ಮುಂದೆ ಚೌಕದ ಕಂಸ ಹಾಕಿ ಒಳಗೆ ಏನೂ ಬರೆಯದೆ ಬಿಟ್ಟರೆ, ಕೊಟ್ಟದ್ದು ತಾನಾಗಿ ಕೊನೆಗೆ ಹೋಗಿ ಕೂರುತ್ತದೆ. ನಿಮ್ಮ ಕೈಗೆ ಎಲೆ ಕೊಡುವವರು ಇದು ಎಷ್ಟನೆಯದು ಎಂದು ಹೇಳುತ್ತಾರೆಯೇ? ನೀವು ಕಡೆಯ ಎಲೆಯ ಪಕ್ಕಕ್ಕೆ ಕಟ್ಟಿಕೊಂಡು ಹೋಗುತ್ತೀರಿ. ಆಮೇಲೆ ಸಂಖ್ಯೆಯ ಬದಲಿಗೆ ನಮಗೆ ಬೇಕಾದ ಹೆಸರನ್ನೇ ಕೊಟ್ಟು, ಬಾಣದ ಗುರುತು ಹಾಕಿ, ಎದುರಿಗೆ ವಸ್ತು ಇಡುವುದು. ಇದಕ್ಕೆ ಕಡ್ಡಿ ಉಪಯೋಗಕ್ಕೆ ಬರಲಿಲ್ಲ. ನಿಮ್ಮ ಮಗ ಇದನ್ನು ಹೇಗೆ ಹೇಳಬೇಕೆಂದಿದ್ದರೋ ನನಗೆ ತಿಳಿಯದು. ಪುಸ್ತಕದಲ್ಲಿ ಇದ್ದ ಹಾಗೇ ಹೇಳಿದೆ, ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ಮೂರು ಸಲ ಹೇಳಿದೆ.

ಒಂದು ದಿನ ನಮ್ಮ ಕ್ಲಾಸಿನವರ ಹೆಸರನ್ನೆಲ್ಲ ಅರೇ ಮಾಡಿ ತನ್ನಿ ಎಂದಿದ್ದೆ. ಮಾದೇಶ ಮಾಡಿದ್ದನ್ನು ತೆರೆಯ ಮೇಲೆ ನೋಡಿದರೆ ಮೊದಲಿಗೆ ‘ಚೇತನ್‌ಕುಮಾರ್ ಸರ್’ ಎಂದಿದೆ. ಆ ಸಾಲಿನ ಮೇಲೆ ಬೆರಳಿಟ್ಟೆ. ಅವನಿಗೆ ತಪ್ಪಾಯಿತೇನೋ ಎನ್ನಿಸಿ ಗಾಬರಿಯಾಯಿತು. "ಮೇಡಂ, ಸೊನ್ನೇಲಿ ಸರ್ ಹೆಸ್ರು ಆಕಿದ್ರೆ ನಮ್ ರೋಲ್ ನಂಬ್ರು ಸರಿಯಾಗಿ ಒಂದ್ರಿಂದ ಬತ್ತದೆ, ಅದ್ಕೇ ಆಕ್ದೆ. ತೆಗೀಲಾ?" ಎಂದ. ಬೇಡ, ಇರಲಿ ಎಂದೆ. ಪರೀಕ್ಷೆಯವರೆಗೂ ಎಲ್ಲರೂ ಹಾಗೇ ಬರೆದರು.

ಪರೀಕ್ಷೆಗೆ ನಾನೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಅರೇ ಮೇಲೆ ದೊಡ್ಡ ಪ್ರಶ್ನೆಯೇ ಬಂದಿತ್ತಂತೆ. ಒಬ್ಬನನ್ನು ಬಿಟ್ಟು ಎಲ್ಲರೂ ಪಾಸಾಗಿದ್ದಾರೆ. ಡೋಲ್ಮಾ ಮೊದಲ ದರ್ಜೆ. ಹೋದ ವಾರ ಬಂದು, ಬಿಳಿ ರೇಷ್ಮೆಯ ಉದ್ದನೆ ವಸ್ತ್ರವನ್ನು ನಿಮ್ಮ ಮಗನ ಫೋಟೋಗೆ ಹಾಕಿ ಹೋದಳು. ಅದು ಟಿಬೆಟನ್ನರ ಪದ್ಧತಿಯಂತೆ.

ಆದರೆ ಸೆಂಟರು ನಿಲ್ಲುತ್ತದೆ ಅತ್ತೆ. ಪದವಿ ಇರುವ ಮೇಷ್ಟ್ರು ಇಲ್ಲದೆ ಹೊಸ ಬ್ಯಾಚಿಗೆ ಒಪ್ಪಿಗೆ ಕೊಡುವುದಿಲ್ಲ ಎಂದು ಪರೀಕ್ಷೆ ನಡೆಸುವ ಮೈಸೂರಿನವರು ಬರೆದಿದ್ದಾರೆ. ಅವರ ತಪ್ಪಲ್ಲ. ನನಗೆ ಬರುವುದು ಆ ಒಂದು ಬ್ಯಾಚಿಗೆ ಬೇಕಾದಷ್ಟೇ. ಎಚ್.ಡಿ. ಕೋಟೆಯಲ್ಲಿ ಒಂದು ಶಾಲೆಯವರು ಮಕ್ಕಳಿಗೆ ಕಂಪ್ಯೂಟರು ಹೇಳಿಕೊಡಲು ಕರೆದಿದ್ದಾರೆ. ತಿಂಗಳ ಕೊನೆಗೆ ಹೋಗುತ್ತೇನೆ. ಕಂಪ್ಯೂಟರುಗಳನ್ನೂ ಆ ಶಾಲೆಯವರೇ ಕೊಳ್ಳುತ್ತಾರೆ. ನೀವು ಹೇಳಿದ ಹಾಗೇ ಆಯಿತು, ಇನ್ನು ಆ ಬಾಗಿಲನ್ನು ನಾವು ಯಾರೂ ತೆಗೆಯುವುದಿಲ್ಲ. ಆದರೂ ಒಂದು ಸಲ ತೆಗೆಸಿದಿರಲ್ಲ, ಅದನ್ನು ನಾನು ಮರೆಯುವುದಿಲ್ಲ. ಮಾಯಮ್ಮ ನಿಮಗೆ ಸರಿದು ಜಾಗ ಕೊಟ್ಟ ಹಾಗೆ ನೀವು ನನಗೆ ಕೊಟ್ಟಿರಿ.

ಇನ್ನೊಂದು ಮಾತು. ಭಾಗ್ಯಾ, ಇದನ್ನು ಸರಿಯಾಗಿ, ಗಟ್ಟಿಯಾಗಿ ಓದು.

ಕಾಯಿಲೆಯ ವಿಷಯ ಬೇಡ ಎಂದು ನಾನೇ ಬರೆದಿದ್ದೆ. ಈಗ ನಾನೇ ತೆಗೆಯುತ್ತಿದ್ದೇನೆ. ಹುಡುಗರು ಒಳಗೆ ಪರೀಕ್ಷೆ ಬರೆಯುತ್ತಿದ್ದಾಗ ನಾನು ಆಸ್ಪತ್ರೆಗೆ ಹೋದೆ. ಅವತ್ತು ವರಾಂಡದಲ್ಲಿ ಕೂಗಿದ ಡಾಕ್ಟರನ್ನೇ ಹುಡುಕಿ ಕಂಡೆ. ಅವರಿಗೆ ನಮ್ಮ ನೆನಪಿತ್ತು. ಕೂರಲು ಹೇಳಿದರು. ಒಂದು ವಾರ ಮುಂಚೆ ತಂದಿದ್ದರೆ ಬದುಕುತ್ತಿದ್ದರಾ ಎಂದು ನೇರವಾಗಿ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇಲ್ಲಮ್ಮ. ಅವರ ಯಕೃತ್ತು ಮೊದಲೇ ಕೆಟ್ಟಿತ್ತು. ಹೊರಗೆ ಕಾಣಿಸಿದಾಗಲೇ ತಡವಾಗಿತ್ತು. ಮೊದಲ ದಿನವೇ ತಂದಿದ್ದರೂ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ. ಅವತ್ತು ನಾನು ಬೇರೆ ಯಾವುದೋ ಕೋಪದಲ್ಲಿ ಹಾಗಂದುಬಿಟ್ಟೆ. ನಿಮ್ಮ ಅತ್ತೆಯವರಿಗೆ ಹೇಳಿ, ಅವರು ಕೊಡಿಸಿದ ಔಷಧಿಯಿಂದ ಏನೂ ಆಗಿಲ್ಲ" ಎಂದರು.

ಕೇಳಿಸಿತೇ ಅತ್ತೆ? ಯಾರಿಂದಲೂ ಏನೂ ಆಗಿಲ್ಲ. ಇನ್ನು ಹಾಲಿನವರನ್ನು, ಪೋಸ್ಟಿನವರನ್ನು ಕೇಳಬೇಡಿ. ಕೇಳಬೇಕಾದವರನ್ನು ನಾನು ಕೇಳಿ ಬಂದಿದ್ದೇನೆ. ಸಾರಿಗೆ ಅರಿಶಿನ ಹಾಕಿ. ಈ ವರ್ಷ ನಮಗೆ ಹಬ್ಬವಿಲ್ಲ, ಆದರೂ ಕೋಟೆಗೆ ಹೋಗುವ ಮುಂಚೆ ಒಂದು ವಾರ ಊರಿಗೆ ಬಂದು ನಿಮ್ಮ ಜೊತೆ ಇರುತ್ತೇನೆ. ಬರಬೇಡ ಎನ್ನಬೇಡಿ.

ನಿಮ್ಮ ಮಗಳಂಥ ಸೊಸೆ
ಶಾಂತಲಾ

ಮತ್ತೆ, ಭಾಗ್ಯಳಿಗೆ ಮಾತ್ರ: ಈ ಚೀಟಿಯನ್ನು ಬೇರೆ ಮಡಚಿಟ್ಟಿದ್ದೇನೆ. ಅತ್ತೆಗೆ ಓದಬೇಡ, ಓದಿಕೊಂಡು ಒಲೆಗೆ ಹಾಕು. ಆಸ್ಪತ್ರೆಯ ಗೇಟಿನವರೆಗೆ ಹೋದದ್ದು ನಿಜ. ಒಳಗೆ ಹೋಗಲಿಲ್ಲ. ಆ ಡಾಕ್ಟರು ನಿಜ ಏನು ಹೇಳಿಬಿಡುತ್ತಾರೋ ಎಂದು ಹೆದರಿಕೆಯಾಗಿ, ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದು ವಾಪಸು ಬಂದೆ. ಡಾಕ್ಟರ ಮಾತನ್ನು ಇಲ್ಲಿ ಕೂತು ನಾನೇ ಬರೆದದ್ದು. ಅತ್ತೆ ಇನ್ನೊಂದು ಸಲ ಕೇಳಿದರೆ ಇನ್ನೊಂದು ಸಲ ಓದಿ ಹೇಳು, ಒಂದು ಪದವನ್ನೂ ಬಿಡಬೇಡ. ನಾನು ಊರಿಗೆ ಬಂದಾಗ, ಅವರು ಮಲಗಿದ ಮೇಲೆ, ನನಗೂ ಒಂದು ಸಲ ಓದಿ ಹೇಳು ಭಾಗ್ಯಾ. ಬರೆದವಳು ನಾನೇ ಆದರೂ ಇನ್ನೊಬ್ಬರ ಬಾಯಿಂದ ಅದನ್ನು ಕೇಳಬೇಕು ಅನ್ನಿಸುತ್ತಿದೆ.